ಲತೀಫಾಕ ಹೊಲಿದ ಪರದೆ

ನಮ್ಮ ಲತೀಫಾಕನಿಗೆ ಅಮೇರಿಕದ ಒಂದು ಊರು ಬಾಯಿಪಾಠ ಬರುತ್ತದೆ. ಅಮೇರಿಕಕ್ಕೆ ಅವರು ಹೋದವರಲ್ಲ. ಆ ಊರಿನೊಳಗೂ ಕಾಲಿಟ್ಟವರಲ್ಲ. ತಮಾಷೆ ಏನೆಂದರೆ, ಆ ಊರು ಇರುವುದು ಸೌದಿ ಅರೇಬಿಯಾದ ಅಬ್ಕೈಕಿನಲ್ಲಿ. ಲತೀಫಾಕನ ಹೊಲಿಗೆ ಅಂಗಡಿಯಿಂದ ಒಂದು ಬೀಡಿ ಸೇದಿ ಮುಗಿಸುವಷ್ಟು ದೂರ, ಒಂದು ಬೇಲಿ ಮತ್ತು ಒಂದು ಗೇಟಿನ ಆಚೆ.

ನಾವು ಅದನ್ನು ಕ್ಯಾಂಪ್ ಎನ್ನುತ್ತೇವೆ. ಹೆಸರು ಕೇಳಿ ಡೇರೆ ಹಾಕಿದ ಜಾಗ ಎಂದು ತಿಳಿಯಬೇಡಿ. ಎಣ್ಣೆ ಕಂಪನಿಯವರು ತಮ್ಮ ಇಂಜಿನಿಯರುಗಳ ಸಂಸಾರಕ್ಕೆಂದು ಕಟ್ಟಿದ ಇಡೀ ಊರು ಅದು. ಅಮೇರಿಕದ ದೊಡ್ಡ ಪಟ್ಟಣಗಳ ಹೊರಗೆ ಮಧ್ಯಮ ಗಾತ್ರದ ಊರುಗಳಿರುತ್ತವಂತೆ. ಸಾಲು ಮನೆ, ಮನೆಯ ಮುಂದೆ ಹುಲ್ಲು, ಹುಲ್ಲಿನ ಮೇಲೆ ಮಕ್ಕಳ ಸೈಕಲ್ಲು, ಒಂದು ಶಾಲೆ, ಒಂದು ಈಜುಕೊಳ, ಒಂದು ಚೆಂಡಾಟದ ಬಯಲು. ಅಂಥದ್ದೇ ಒಂದು ಊರನ್ನು ಬೇರುಸಹಿತ ತಂದು ಈ ಮರಳಿನಲ್ಲಿ ನೆಟ್ಟಿದ್ದಾರೆ. ನಾನು ದೇಜಪ್ಪ, ಕಾಪುವಿನವ. ಆ ಊರಿನೊಳಗೆ ಬಸ್ಸು ಓಡಿಸುವುದು ನನ್ನ ಕೆಲಸ. ದಿನಾ ಒಳಗೆ ಹೋಗುವ ನನಗೆ ಎರಡು ಬೀದಿಯ ಹೆಸರು ಸರಿಯಾಗಿ ಹೇಳಲು ಬರುವುದಿಲ್ಲ. ಹೊರಗೇ ಕೂತ ಆ ಮನುಷ್ಯನಿಗೆ ಯಾವ ಬೀದಿಯ ಯಾವ ಮನೆಯ ಜಗಲಿಯಲ್ಲಿ ತೂಗುಯ್ಯಾಲೆ ಉಂಟು ಎಂಬುದೂ ಗೊತ್ತು.

ಅವರು ಪಾಣೆಮಂಗಳೂರಿನ ಬ್ಯಾರಿ. ಪೂರ್ತಿ ಹೆಸರು ಅಬ್ದುಲ್ ಲತೀಫ್. ಬ್ಯಾರಿಗಳು ಹಿರಿಯರ ಹೆಸರಿಗೆ ‘ಆಕ’ ಸೇರಿಸಿ ಕರೆಯುವುದನ್ನು ನಾನೂ ಕಲಿತೆ. ಅಂಗಡಿಯ ಮೇಲಿನ ಕೋಣೆಯಲ್ಲಿ ನಾವಿಬ್ಬರೂ ತಲೆ ಕಪ್ಪಗಿದ್ದಾಗಿನಿಂದ ಒಟ್ಟಿಗಿದ್ದೇವೆ. ಗಂಜಿ ಬೇಯಿಸುವುದು ನಾನು, ಮೀನು ಸಾರು ಮಾಡುವುದು ಅವರು, ಜಗಳ ಇಬ್ಬರದ್ದೂ.

ಜಗಳ ಶುರುವಾಗುವುದು ನಾನು ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವಾಗ.

"ಇವತ್ತು ಒಳಗೆ ಎಂತ ಉಂಟು ದೇಜು?"

"ಎಂತ ಉಂಟು? ರಸ್ತೆ ಉಂಟು, ಬಸ್ಸು ಉಂಟು, ನನ್ನ ಸೊಂಟನೋವು ಉಂಟು."

"ಆ ಮೂಲೆ ಮನೆಯವರು ಕಿಟಕಿಗೆ ಹೊಸ ಪರದೆ ಹಾಕಿದ್ರಾ?"

"ನಾನು ಬಸ್ಸು ಬಿಡುವುದಾ, ಜನರ ಕಿಟಕಿ ನೋಡುವುದಾ? ಮಂಡೆ ಸಮ ಉಂಟಾ ನಿಮಗೆ?"

ನನ್ನಿಂದ ಪ್ರಯೋಜನವಿಲ್ಲ ಎಂದು ಅವರಿಗೆ ಗೊತ್ತಿತ್ತು. ಅವರಿಗೆ ಊರು ಗೊತ್ತಾದದ್ದು ಗಿರಾಕಿಗಳಿಂದ. ಅಳತೆ ಕೊಡುವಾಗ ಮನುಷ್ಯ ಅಲುಗಾಡಬಾರದು ನೋಡಿ. ಕೈ ಚಾಚಿ ಸುಮ್ಮನೆ ನಿಂತವನಿಗೆ ಮಾತಾಡದೆ ಬೇರೆ ದಾರಿಯಿಲ್ಲ. ಲತೀಫಾಕ ಟೇಪು ಹಿಡಿದು ಹೂಂ ಹೂಂ ಎನ್ನುತ್ತ ಎಲ್ಲ ಕೇಳಿಸಿಕೊಳ್ಳುವರು. ಮೊದಮೊದಲು ಅರ್ಧ ತಿಳಿಯುತ್ತಿರಲಿಲ್ಲವಂತೆ. ಕ್ರಮೇಣ ತಿಳಿಯಿತು.

ಊರಿನ ಹಳೆಯ ಕಥೆ ಅವರಿಗೆ ಸಿಕ್ಕಿದ್ದು ಸಾಲೆಹ್ ಎಂಬ ಯಮನಿ ದರ್ಜಿಯಿಂದ. ಅಂಗಡಿ ಮೊದಲು ಆ ಮುದುಕನದ್ದು, ಲತೀಫಾಕ ಅವನ ಕೈಕೆಳಗೆ ಕೆಲಸಕ್ಕೆ ಸೇರಿದವರು. ಎಣ್ಣೆ ಹುಡುಕಿಕೊಂಡು ಬಂದ ಮೊದಲ ಅಮೇರಿಕದವರು ಡೇರೆಯಲ್ಲೇ ಇದ್ದರಂತೆ, ಖಾಕಿ ಚಡ್ಡಿ ಬಿಟ್ಟರೆ ಬೇರೆ ಬಟ್ಟೆ ಇಲ್ಲ. ಆಮೇಲೆ ಹಡಗಿನಲ್ಲಿ ಮನೆಗಳು ತುಂಡು ತುಂಡಾಗಿ ಬಂದವು. ಮನೆಯ ಹಿಂದೆ ಹೆಂಗಸರು ಬಂದರು. ಬಂದವರು ಸಾಲೆಹ್‌ನ ತಂದೆಗೆ ಕೊಟ್ಟ ಮೊದಲ ಕೆಲಸ ಕಿಟಕಿಯ ಪರದೆ. ಎಲ್ಲರಿಗೂ ಎಲೆ, ಬಳ್ಳಿ, ಮರದ ಚಿತ್ರವಿರುವ ಬಟ್ಟೆಯೇ ಬೇಕು. ಯಾಕೆಂದರೆ ಪರದೆ ಸರಿಸಿದರೆ ಹೊರಗೆ ಕಣ್ಣು ಹೋದಷ್ಟು ದೂರ ಒಂದು ಕಡ್ಡಿ ಹಸಿರಿಲ್ಲ. ಮತ್ತೆ ಹುಲ್ಲು ನೆಟ್ಟರು, ಸತ್ತಿತು. ಪುನಃ ನೆಟ್ಟರು, ಪುನಃ ಸತ್ತಿತು. ಆ ಹೆಂಗಸರು ಪಾತ್ರೆ ತೊಳೆದ ನೀರನ್ನು ಹೊತ್ತು ತಂದು ಹಾಕಿ ಹಾಕಿ ಅದನ್ನು ಬದುಕಿಸಿದರು. ಇದನ್ನು ಹೇಳುವಾಗಲೆಲ್ಲ ಲತೀಫಾಕನ ಕಣ್ಣು ದೊಡ್ಡದಾಗುತ್ತದೆ.

"ನೀನು ದಿನಾ ಬಸ್ಸು ತಿರುಗಿಸುವ ಕಡೆ ಹುಲ್ಲುಂಟಲ್ಲ, ಅದು ಯಾರದ್ದೋ ತಟ್ಟೆ ತೊಳೆದ ನೀರಿನಲ್ಲಿ ಎದ್ದದ್ದು, ಗೊತ್ತುಂಟಾ?"

"ಈಗ ಅದಕ್ಕೆ ಪೈಪು ಹಾಕಿದ್ದಾರೆ, ಸುಮ್ಮನೆ ಮಲಗಿ," ಎನ್ನುತ್ತಿದ್ದೆ ನಾನು.

ಕುವೈತ್ ಯುದ್ಧಕ್ಕೆ ಸ್ವಲ್ಪ ಮೊದಲು ಯಮನಿಗಳೆಲ್ಲ ಊರಿಗೆ ಹೊರಡಬೇಕಾಯಿತು, ಸಾಲೆಹ್ ಕತ್ತರಿಯನ್ನು ಲತೀಫಾಕನ ಕೈಗೆ ಕೊಟ್ಟು ಹೋದ. ಯುದ್ಧದ ದಿನಗಳಲ್ಲಿ ಕ್ಯಾಂಪಿನ ಮಕ್ಕಳು ವಿಷಗಾಳಿ ತಡೆಯುವ ಮುಖವಾಡವನ್ನು ಹೆಗಲಿಗೆ ಹಾಕಿಕೊಂಡು ಶಾಲೆಗೆ ಹೋಗುವರು. ಅದರ ಚೀಲ ಹೊಲಿದದ್ದು ಲತೀಫಾಕ. ಹೆದರಿದ ಮಕ್ಕಳಿಗೆ ಸಮಾಧಾನವಾಗಲಿ ಎಂದು ಪ್ರತಿ ಚೀಲದ ಮೇಲೂ ಒಂದು ಮೀನಿನ ಚಿತ್ರ ಹೊಲಿದು ಕೊಟ್ಟರು. ಯುದ್ಧ ಮುಗಿಯಿತು, ಮತ್ತೆ ಚೆಂಡಾಟದ ತಂಡದ ಅಂಗಿ, ಸಂಗೀತದ ಬ್ಯಾಂಡಿನ ಕೋಟು, ವರ್ಷಕ್ಕೊಮ್ಮೆ ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಹೋಗುವ ದಿನದ ವೇಷಗಳು. ಒಬ್ಬ ತಾಯಿ ಬಂದು ಮಗನಿಗೆ ಚೀನಿಕಾಯಿಯ, ಅಂದರೆ ಸಿಹಿಗುಂಬಳದ, ವೇಷ ಬೇಕು ಎಂದಳು.

"ನಮ್ಮಲ್ಲಿ ಹುಲಿವೇಷ ಉಂಟು, ಕರಡಿವೇಷ ಉಂಟು," ಎಂದು ನಾನು ಬೊಬ್ಬೆ ಹಾಕಿದೆ. "ಸಾಂಬಾರಿಗೆ ಹಾಕುವ ಚೀನಿಕಾಯಿಯ ವೇಷ ಯಾರು ಹಾಕ್ತಾರೆ ಮಾರಾಯ್ರೆ?"

"ನಿನಗೆ ಎಂತ ಗೊತ್ತು?" ಎಂದು ಲತೀಫಾಕ ಹತ್ತಿ ತುಂಬಿಸುತ್ತಲೇ ಇದ್ದರು. ವೇಷ ಎಷ್ಟು ಚೆಂದ ಬಂತೆಂದರೆ ನನಗೇ ಅದನ್ನು ಹಾಕಿಕೊಂಡು ಕುಣಿಯಬೇಕು ಅನ್ನಿಸಿತು.

ಹೀಗೆ ಒಂದು ಊರಿಗೆ ಊರನ್ನೇ ಉಡಿಸಿದ ಮನುಷ್ಯ ಆ ಊರನ್ನು ಒಮ್ಮೆಯೂ ನೋಡಿರಲಿಲ್ಲ. ಒಳಗೆ ಹೋಗಲು ಅಲ್ಲಿ ಮನೆ ಇರಬೇಕು, ಇಲ್ಲವೇ ಮನೆ ಇರುವವರು ಕರೆದು ಪಾಸು ಮಾಡಿಸಬೇಕು. ನನ್ನ ಪಾಸು ಬಸ್ಸಿಗೆ ಕೊಟ್ಟದ್ದು, ಬಸ್ಸು ನಿಲ್ಲುವಲ್ಲಿ ನಾನು ನಿಲ್ಲಬಹುದು, ಅಷ್ಟೇ. ಹಾಗಾದರೆ ಲತೀಫಾಕನನ್ನು ಯಾರೂ ಕರೆಯಲಿಲ್ಲವೇ ಎಂದು ಕೇಳುತ್ತೀರಿ. ಕರೆದರು. ಅದನ್ನು ನೆನೆದರೆ ನನಗೆ ಈಗಲೂ ಮಂಡೆ ಬಿಸಿಯಾಗುತ್ತದೆ.

ನಮ್ಮ ಕಡೆಯ ಕ್ರಮ ನಿಮಗೆ ಗೊತ್ತಲ್ಲ. ಯಾರ ಮನೆಗೋ ಹೋಗುತ್ತೇವೆ. ಚಾ ಕುಡಿಯುತ್ತೀರಾ ಎಂದರೆ, "ಬೇಡ ಬೇಡ, ಈಗಷ್ಟೇ ಕುಡಿದು ಬಂದೆ" ಎನ್ನುತ್ತೇವೆ. ಗಂಟಲು ಒಣಗಿ ಹೋಗಿದ್ದರೂ ಹಾಗೆಯೇ ಹೇಳಬೇಕು. ಮನೆಯವರು ಎರಡನೆಯ ಸಲ ಕೇಳುತ್ತಾರೆ. "ಹಾಗಾದ್ರೆ ಅರ್ಧ ಲೋಟ." ಮೂರನೆಯ ಸಲ ತುಂಬಿದ ಲೋಟವನ್ನೇ ಕೈಯಲ್ಲಿಡುತ್ತಾರೆ, ನಾವು ಪೂರ್ತಿ ಕುಡಿಯುತ್ತೇವೆ. ಮೊದಲ ಸಲಕ್ಕೇ ಹೂಂ ಎಂದವನು ಆಸೆಬುರುಕ, ಮೊದಲ ಸಲಕ್ಕೇ ಬಿಟ್ಟ ಮನೆಯವರು ಜಿಪುಣರು. ಲತೀಫಾಕನಲ್ಲಿ ಈ ಉಪಚಾರ ರಕ್ತಕ್ಕೇ ಇಳಿದಿದೆ. ಅವರ ಹೆಂಡತಿ ರುಖಿಯಮ್ಮ ಒಮ್ಮೆ ಫೋನಿನಲ್ಲಿ ನನಗೇ ಹೇಳಿದ್ದರು, "ನಿಕಾಹ್ ದಿವಸ ಮದುಮಗನಿಗೆ ಎರಡನೇ ಸಲ ಬಿರಿಯಾನಿ ಹಾಕ್ಲಿಕ್ಕೆ ಬಂದವರಿಗೆ ಬೇಡ ಅಂತ ಹೇಳಿ, ಅವರು ಹೋದ ಮೇಲೆ ತಟ್ಟೆ ನೋಡಿಕೊಂಡು ಕೂತಿದ್ರು ಈ ಜನ."

ಯುದ್ಧ ಮುಗಿದು ಕೆಲವು ವರ್ಷಗಳಾಗಿತ್ತು. ಕ್ಯಾಂಪಿನ ಮಕ್ಕಳಿಗೆ ನಾಟಕ ಕಲಿಸುತ್ತಿದ್ದ ಮಿಸೆಸ್ ಡನ್ ಎಂಬ ಅಮೇರಿಕದ ಹೆಂಗಸು ಅಂಗಡಿಗೆ ಬಂದರು. ಉದ್ದ ಕಾಲು, ದೊಡ್ಡ ನಗೆ, ಆತುರದ ನಡಿಗೆ. ಅವರ ಹಿಂದೆಯೇ ಒಂದು ಪಿಕಪ್ಪಿನ ತುಂಬ ಮೆರೂನ್ ಬಣ್ಣದ ಮಖಮಲ್ಲು. ನಾಟಕದ ಹಾಲಿನ ರಂಗಕ್ಕೆ ಮುಂಭಾಗದ ಪರದೆ ಹೊಲಿದು ಕೊಡಬೇಕಂತೆ.

ಅಂಥ ಕೆಲಸ ಲತೀಫಾಕ ಅದುವರೆಗೆ ಮಾಡಿರಲಿಲ್ಲ. ಅಂಗಡಿಯಲ್ಲಿ ಅದನ್ನು ಬಿಚ್ಚಲಿಕ್ಕೇ ಜಾಗವಿಲ್ಲ, ಟೆರೇಸಿಗೆ ಹೊತ್ತೆವು. ನನ್ನ ರಜೆಯ ದಿನಗಳೆಲ್ಲ ಅದರ ತುದಿ ಹಿಡಿದು ನಿಲ್ಲುವುದರಲ್ಲಿ ಹೋಯಿತು. ಮಖಮಲ್ಲಿಗೆ ರೋಮವಿರುತ್ತದೆ. ಒಂದು ದಿಕ್ಕಿಗೆ ಸವರಿದರೆ ನಯ, ಇನ್ನೊಂದು ದಿಕ್ಕಿಗೆ ಒರಟು, ಬೆಕ್ಕಿನ ಬೆನ್ನಿನ ಹಾಗೆ. ಪರದೆಯ ಎಲ್ಲ ಪಟ್ಟಿಗಳ ರೋಮವೂ ಒಂದೇ ಕಡೆಗೆ ಇರಬೇಕು. ಒಂದು ಪಟ್ಟಿ ತಲೆಕೆಳಗಾದರೂ ಬೆಳಕು ಬಿದ್ದಾಗ ಅದು ಬೇರೆಯದೇ ಬಣ್ಣವಾಗಿ ಕಾಣುತ್ತದೆ. ಅದಕ್ಕೆ ಲತೀಫಾಕ ಪ್ರತಿ ಪಟ್ಟಿಗೂ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿದ್ದರು. ಕೆಲಸ ಮುಕ್ಕಾಲು ಮುಗಿದಿತ್ತು, ಒಂದು ಮಧ್ಯಾಹ್ನ ಶಮಾಲ್ ಎದ್ದಿತು. ಶಮಾಲ್ ಎಂದರೆ ಇಲ್ಲಿಯ ಮರಳು ಗಾಳಿ. ಎದುರಿನ ಮನುಷ್ಯ ಕಾಣುವುದಿಲ್ಲ. ನಾವಿಬ್ಬರೂ ಬೈದುಕೊಳ್ಳುತ್ತ ಸಿಕ್ಕಿದ್ದನ್ನು ಬಾಚಿಕೊಂಡು ಒಳಗೆ ಓಡಿದೆವು. ಗಾಳಿ ನಿಂತ ಮೇಲೆ ನೋಡಿದರೆ ಗುರುತುಗಳೆಲ್ಲ ಧೂಳಿನಲ್ಲಿ ಅಳಿಸಿ ಹೋಗಿದ್ದವು. ಉಳಿದ ಪಟ್ಟಿಗಳನ್ನು ಅವರು ಕೈಯಿಂದ ಸವರಿ ನೋಡಿ ಜೋಡಿಸಿದರು.

ಪರದೆ ಲಾರಿ ಹತ್ತಿ ಗೇಟಿನೊಳಗೆ ಹೋಯಿತು. ಅವತ್ತು ಊಟಕ್ಕೆ ಕೂತಾಗ ಅವರ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತು.

"ದೇಜು, ಗಾಳಿ ಬಂದಾಗ ನೀನು ಎಳೆದ ಪಟ್ಟಿ ಉಂಟಲ್ಲ, ಅದನ್ನು ನಾನು ಸವರಿ ನೋಡಿದೆನಾ?"

"ನೋಡಿದ್ರಿ, ನೋಡಿದ್ರಿ. ಉಣ್ಣಿ."

"ನೀನು ನೋಡಿದ್ಯಾ ನಾನು ನೋಡಿದ್ದನ್ನು?"

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ನಾಟಕದ ಹಿಂದಿನ ದಿನ ಮಿಸೆಸ್ ಡನ್ ನಗುತ್ತ ಬಂದರು. "ಪರದೆ ಬಹಳ ಸುಂದರವಾಗಿದೆ ಲತೀಫ್. ನಾಳೆ ನಾಟಕ. ನೀವು ಬಂದು ನೋಡುತ್ತೀರಾ? ಪಾಸು ನಾನು ಮಾಡಿಸುತ್ತೇನೆ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಈ ಮಹಾನುಭಾವ ಏನು ಹೇಳಿದರು ಗೊತ್ತೇ?

"ಅಯ್ಯೋ, ಬೇಡ ಮೇಡಂ. ನಿಮಗೆ ಯಾಕೆ ಸುಮ್ಮನೆ ತೊಂದರೆ."

"ಓಕೆ ಲತೀಫ್," ಎಂದರು ಆ ಹೆಂಗಸು. ಅಷ್ಟೇ ಪ್ರೀತಿಯಿಂದ ನಕ್ಕರು, ಹೊರಟೇ ಹೋದರು. ಲತೀಫಾಕ ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದು ಬಾಗಿಲನ್ನೇ ನೋಡುತ್ತ ನಿಂತರು. ಎರಡನೆಯ ಸಲ ಕರೆಯಲು ಅವರು ತಿರುಗಿ ಬರುತ್ತಾರೆ ಎಂದು ಕಾಯುತ್ತಿದ್ದರು. ಕಾರು ಸ್ಟಾರ್ಟ್ ಆಗುವ ಸದ್ದು ಕೇಳಿಸಿತು.

"ಹೋದ್ರಾ?" ಎಂದರು.

"ಹೋಗದೆ ಮತ್ತೆ? ಬೇಡ ಅಂದ್ರೆ ಬೇಡ ಅಂತಲೇ ತಿಳ್ಕೊಳ್ಳುವ ಜನ ಅದು! ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ, ಇನ್ನು ಸಾಯಿರಿ!"

"ಒಂದೇ ಸಲ ಕರೆದರೆ ಅದು ಕರೆದದ್ದಾ ಮಾರಾಯ? ಪಾಪ, ಒಳ್ಳೆ ಜನ. ಆದ್ರೆ ಉಪಚಾರ ಗೊತ್ತಿಲ್ಲ ಅವರಿಗೆ."

ಆಮೇಲೆ ಮಿಸೆಸ್ ಡನ್ ಎಷ್ಟೋ ವರ್ಷ ಅದೇ ಅಂಗಡಿಗೆ ಬಂದರು. ರಾಣಿಯ ಗೌನು, ರಾಕ್ಷಸನ ಬಾಲ, ಮಕ್ಕಳಿಗೆ ಬೇಕಾದ ಎಲ್ಲವನ್ನೂ ಇಲ್ಲಿಯೇ ಹೊಲಿಸಿದರು. ಪ್ರತಿ ಸಲ ಅವರು ಬಂದಾಗಲೂ ಲತೀಫಾಕನ ನಾಲಗೆಯ ತುದಿಗೆ ಅದೇ ಪ್ರಶ್ನೆ ಬರುತ್ತಿತ್ತು, ಪರದೆ ಒಂದೇ ಬಣ್ಣ ಕಾಣುತ್ತದೆಯಾ ಎಂದು. ಕೇಳಲಿಲ್ಲ.

"ಹೊಲಿದವನೇ ಕೇಳಿದರೆ ಎಂತ ಅರ್ಥ ಆಗ್ತದೆ? ಇವನಿಗೇ ಸಂಶಯ ಉಂಟು ಅಂತ ಅಲ್ವಾ?"

ಕೊನೆಗೆ ಆ ಹೆಂಗಸು ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೋದರು. ಅವರ ಜೊತೆಯವರೂ ಒಬ್ಬೊಬ್ಬರೇ ಹೋದರು. ಅವರಿದ್ದ ಮನೆಗಳಿಗೆ ಸೌದಿ ಇಂಜಿನಿಯರುಗಳ ಸಂಸಾರಗಳು ಬಂದವು. ಲತೀಫಾಕನ ಕತ್ತರಿಗೆ ಅದು ಎಲ್ಲರಿಗಿಂತ ಮೊದಲೇ ಗೊತ್ತಾಯಿತು. ಚೆಂಡಾಟದ ಅಂಗಿಯ ಬೆನ್ನಿನ ಮೇಲೆ ಬರೆಯುವ ಹೆಸರು ಬದಲಾಯಿತು, ಚೆಂಡಾಟ ಬದಲಾಗಲಿಲ್ಲ. ಹುಲ್ಲು ಹಾಗೆಯೇ ಉಳಿಯಿತು. ಜಗಲಿಯ ತೂಗುಯ್ಯಾಲೆಯಲ್ಲಿ ಈಗ ಸೌದಿ ಅಜ್ಜಿಯರು ಕೂತು ಕಾಫಿ ಕುಡಿಯುತ್ತಾರೆ. ಸಂಜೆ ನನ್ನನ್ನು ಕೂರಿಸಿಕೊಂಡು ಲತೀಫಾಕ ಇದನ್ನೆಲ್ಲ ವಿವರಿಸುವರು. ಆದರೆ ಮಾತಿನ ನಡುವೆ ಸುಮ್ಮನಾದರೆ ನನಗೆ ತಿಳಿಯುತ್ತಿತ್ತು, ಆ ಪಟ್ಟಿಯ ಯೋಚನೆ ಬಂತು ಎಂದು. ಮಕ್ಕಳ ಮದುವೆ ಮಾಡಿದರು, ಮನೆ ಕಟ್ಟಿಸಿದರು, ಹಜ್ ಮಾಡಿದರು. ಇಷ್ಟಾಗಿಯೂ ಆ ಪಟ್ಟಿ ಅವರನ್ನು ಬಿಡಲಿಲ್ಲ.

ಈ ವರ್ಷ ಅವರ ಕಫೀಲ್, ಅಂದರೆ ಅಂಗಡಿಯ ಸೌದಿ ಯಜಮಾನ, ತೀರಿಕೊಂಡರು. ಮಗನಿಗೆ ಅಲ್ಲಿ ಮೊಬೈಲ್ ಅಂಗಡಿ ತೆರೆಯಬೇಕು. ಒಳ್ಳೆಯ ಹುಡುಗ, ಮರ್ಯಾದೆಯಿಂದಲೇ ಹೇಳಿದ. ಲತೀಫಾಕನ ಎಕ್ಸಿಟ್ ಆಯಿತು, ಇನ್ನು ಊರಿಗೆ ಹೋದರೆ ತಿರುಗಿ ಬರಲಿಕ್ಕಿಲ್ಲ. ಮೆಷಿನ್ನುಗಳನ್ನು ಮಾರಿದರು. ಒಂದನ್ನು ಮಾತ್ರ ಉಳಿಸಿಕೊಂಡು ಬಾಕಿ ಕೆಲಸ ಮುಗಿಸುತ್ತಿದ್ದರು.

ಕೊನೆಯ ಕೆಲಸ ಇಲ್ಹಾಮ್ ಅವರದ್ದು. ಇಲ್ಹಾಮ್ ಕಂಪನಿಯಲ್ಲಿ ಇಂಜಿನಿಯರ್. ಕ್ಯಾಂಪಿನೊಳಗೆ ಮೊದಮೊದಲು ಮನೆ ಸಿಕ್ಕಿದ ಸೌದಿ ಸಂಸಾರಗಳಲ್ಲಿ ಅವರ ತಂದೆಯದೂ ಒಂದು. ಚಿಕ್ಕ ಹುಡುಗಿಯಾಗಿದ್ದಾಗ ತಂದೆಯ ಕೈ ಹಿಡಿದು ಫ್ರಾಕಿನ ಅಳತೆ ಕೊಡಲು ಬರುತ್ತಿದ್ದವರು ಈಗ ತಾವೇ ಕಾರು ಓಡಿಸಿಕೊಂಡು ಬಂದು, ಮಗಳು ಜೂರಿಯ ನಾಟಕದ ಫ್ರಾಕ್ ತೆಗೆದುಕೊಂಡರು. ನಾನು ಮೂಲೆಯಲ್ಲಿ ಕೂತು ರಟ್ಟಿನ ಡಬ್ಬಿಗೆ ಹಗ್ಗ ಕಟ್ಟುತ್ತಿದ್ದೆ.

"ಗುರುವಾರ ಸಂಜೆ ನಾಟಕ, ಅಮ್ಮೂ ಲತೀಫ್," ಎಂದರು ಇಲ್ಹಾಮ್. ಅರಬಿಯಲ್ಲಿ ಅಮ್ಮೂ ಎಂದರೆ ಚಿಕ್ಕಪ್ಪ. "ಹಳೆಯ ಪರದೆಯಲ್ಲಿ ಇದೇ ಕೊನೆಯ ನಾಟಕ. ಮುಂದಿನ ತಿಂಗಳು ಹಾಲನ್ನೆಲ್ಲ ಹೊಸದು ಮಾಡುತ್ತಾರೆ."

ಲತೀಫಾಕನ ಕೈಯಲ್ಲಿದ್ದ ಹ್ಯಾಂಗರ್ ಕೆಳಗೆ ಬಿತ್ತು.

"ಆ ಪರದೆ... ಅದು ಇನ್ನೂ ಉಂಟಾ ಅಲ್ಲಿ?"

"ಉಂಟಲ್ಲ. ನೀವೇ ಹೊಲಿದದ್ದಂತೆ, ನನ್ನ ತಂದೆ ಹೇಳುತ್ತಿದ್ದರು. ನೀವು ಬನ್ನಿ ಅಮ್ಮೂ. ನೋಡುವಿರಂತೆ."

ಹೂಂ ಅನ್ನಿ, ಹೂಂ ಅನ್ನಿ ಎಂದು ನಾನು ಕಣ್ಣಲ್ಲೇ ಬೇಡಿದೆ. ಲತೀಫಾಕನ ಬಾಯಿ ತೆರೆಯಿತು.

"ಬೇಡ ಬೇಡ. ನಿಮಗೆ ಯಾಕೆ ತೊಂದರೆ."

ಸತ್ಯ ಹೇಳುತ್ತೇನೆ, ಆ ರಟ್ಟಿನ ಡಬ್ಬಿಯನ್ನು ಅವರ ತಲೆಯ ಮೇಲೆ ಎತ್ತಿ ಹಾಕಬೇಕು ಅನ್ನಿಸಿತು. ಜೀವಮಾನದ ಆಸೆ ಬಾಗಿಲಿಗೆ ಬಂದು ನಿಂತಿದೆ, ಈ ಮನುಷ್ಯ ತೊಂದರೆ ಎನ್ನುತ್ತಾರೆ! ಅವರ ಮುಖವೂ ಬೆಳ್ಳಗಾಗಿತ್ತು. ತನ್ನ ನಾಲಗೆಯೇ ಹಾಗೆ ಹೇಳಿತು ಎಂದು ಅವರಿಗೂ ಗೊತ್ತಾಗಿತ್ತು. ಇಲ್ಹಾಮ್ ಫ್ರಾಕನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿನವರೆಗೆ ಹೋದರು. ಅಲ್ಲಿ ನಿಂತರು. ತಿರುಗಿ ಬಂದರು.

"ಏನು ತೊಂದರೆ? ವಲ್ಲಾಹಿ, ನೀವು ಬರಲೇಬೇಕು."

"ಇಲ್ಲ ಮೇಡಂ, ನನಗೆ ಪ್ಯಾಕಿಂಗ್ ಎಲ್ಲ..."

"ವಲ್ಲಾಹಿಲ್ ಅಝೀಂ!" ಎಂದು ದೇವರ ಮೇಲೆ ದೊಡ್ಡ ಆಣೆಯನ್ನೇ ಹಾಕಿ ಇಲ್ಹಾಮ್ ಕೈ ಚಾಚಿದರು. "ಇಕಾಮಾ ಕೊಡಿ. ಪಾಸಿಗೆ ನಂಬರ್ ಬೇಕು. ಯಲ್ಲಾ, ಬೇಗ."

ಅಬ್ಬ! ಅರಬರಿಗೆ ಉಪಚಾರ ಹೇಳಿಕೊಡಬೇಕಾಗಿಲ್ಲ. ಅವರ ಮನೆಯಲ್ಲೂ ಕಾಫಿ ಬೇಡ ಎಂದವನನ್ನು ಕುಡಿಸದೆ ಕಳಿಸುವ ಕ್ರಮವಿಲ್ಲ. ಲತೀಫಾಕ ಇಕಾಮಾ, ಅಂದರೆ ಸೌದಿಯಲ್ಲಿರಲು ಸರಕಾರ ಕೊಟ್ಟ ಗುರುತಿನ ಕಾರ್ಡು, ತೆಗೆದು ಕೊಟ್ಟರು. ಇಲ್ಹಾಮ್ ನನ್ನ ಕಡೆಗೆ ತಿರುಗಿ, "ನೀವೂ ಬನ್ನಿ," ಎಂದರು. ನಾನು ಮೊದಲ ಸಲಕ್ಕೇ "ಬರ್ತೇನೆ" ಎಂದೆ. ಆಸೆಬುರುಕ ಎಂದು ಯಾರು ಬೇಕಾದರೂ ಹೇಳಿಕೊಳ್ಳಲಿ.

ಗುರುವಾರ ಸಂಜೆ ಲತೀಫಾಕ ತಾವೇ ಹೊಲಿದ ಬಿಳಿ ಅಂಗಿ ಹಾಕಿ, ಅತ್ತರು ಹಚ್ಚಿ, ಮದುವೆಗೆ ಹೊರಟವರ ಹಾಗೆ ಇಲ್ಹಾಮ್ ಅವರ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಜೂರಿ ಮೊದಲೇ ನಾಟಕದ ಹಾಲಿಗೆ ಹೋಗಿದ್ದಳು. ಗೇಟಿನವನು ಪಾಸು ನೋಡಿ ಕೈ ಬೀಸಿದ. ಕಾರು ಒಳಗೆ ಹೋಯಿತು.

ನಾನು ದಿನಾ ಹೋಗುವ ಅದೇ ರಸ್ತೆ. ಆದರೆ ಆ ಸಂಜೆ ನಾನು ಅದನ್ನು ಮೊದಲ ಸಲ ನೋಡಿದೆ. ಲತೀಫಾಕ ಮಗುವಿನ ಹಾಗೆ ಗಾಜಿಗೆ ಮುಖ ಹಚ್ಚಿ, ಇನ್ನೂ ಕಣ್ಣಿಗೆ ಬೀಳದ ತಿರುವನ್ನು ಮೊದಲೇ ಹೇಳುತ್ತಿದ್ದರು. "ಈಗ ಎಡಕ್ಕೆ ಲೈಬ್ರರಿ ಬರ್ತದೆ." ಬಂತು. "ಅದರ ಆಚೆ ಈಜುಕೊಳ." ಬಂತು. "ಆ ಕೆಂಪು ಕಣಗಿಲೆಯ ಬೇಲಿ ಕಳೆದ ಮೇಲೆ ಚೆಂಡಾಟದ ಬಯಲು." ಇಲ್ಹಾಮ್ ಬೆರಗಾಗಿ ಒಮ್ಮೆ ರಸ್ತೆಯನ್ನೂ ಒಮ್ಮೆ ಅವರನ್ನೂ ನೋಡುತ್ತಿದ್ದರು. ಯಾವ ಮನೆಗೂ ಪಾಗಾರದ ಗೋಡೆಯಿಲ್ಲ. ಸೈಕಲ್ಲುಗಳು ಬೀಗವಿಲ್ಲದೆ ಹುಲ್ಲಿನ ಮೇಲೆ ಬಿದ್ದಿವೆ, ಯಾರೂ ಮುಟ್ಟುವುದಿಲ್ಲ. ಒಂದು ಮನೆಯ ಮುಂದೆ ಉದ್ದ ಬಿಳಿ ಅರಬಿ ಅಂಗಿ ತೊಟ್ಟ ತಂದೆಯೊಬ್ಬ ಮಗನಿಗೆ ಚೆಂಡು ಎಸೆಯುತ್ತಿದ್ದ, ಪಕ್ಕದ ಮನೆಯ ಕೆಂಚು ಕೂದಲಿನ ಹುಡುಗಿ ಅದನ್ನು ಹಿಡಿಯಲು ಓಡುತ್ತಿದ್ದಳು.

"ಮೇಡಂ, ಸ್ವಲ್ಪ ನಿಲ್ಲಿಸ್ತೀರಾ?"

ಕಾರು ನಿಂತಿತು. ಲತೀಫಾಕ ಇಳಿದು ರಸ್ತೆಯ ಅಂಚಿನಲ್ಲಿ ಕೂತು ಹುಲ್ಲಿನ ಮೇಲೆ ಅಂಗೈ ಇಟ್ಟರು. ಆಗಷ್ಟೇ ನೀರು ಹಾಯಿಸಿ ನಿಲ್ಲಿಸಿದ್ದರು.

"ವಾಸನೆ ಉಂಟು ದೇಜು," ಎಂದರು. "ಒದ್ದೆ ಹುಲ್ಲಿನ ವಾಸನೆ. ಇದನ್ನು ಮಾತ್ರ ಯಾರೂ ನನಗೆ ಹೇಳಿರ್ಲಿಲ್ಲ."

ಬೇಲಿಯ ಆಚೆ ಅದೇ ಮರಳು, ಅದೇ ಬೆಂಕಿಯಂಥ ಆಕಾಶ. ಇಲ್ಲಿ ಮಾತ್ರ ಯಾರೋ ಹಠ ಹಿಡಿದು ಹುಲ್ಲು ಬೆಳೆಸಿದರು, ಅವರು ಹೋದ ಮೇಲೆ ಬೇರೆ ಯಾರೋ ಬಂದು ಅದಕ್ಕೇ ನೀರು ಹಾಕಿದರು. ಮನುಷ್ಯರು ಎಂಥ ಜಾತಿ ಎಂದು ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ನಾನು ಗೊಣಗಲಿಲ್ಲ.

ಹಾಲಿನೊಳಗೆ ದೀಪ ಮಂದವಾಗಿತ್ತು. ರಂಗದ ಮೇಲೆ ಪರದೆ ಒಂದು ದೊಡ್ಡ ನೆರಳಾಗಿ ಮಾತ್ರ ಕಾಣುತ್ತಿತ್ತು. ಜನ ಪಾಪ್‌ಕಾರ್ನ್ ತಿನ್ನುತ್ತ, ಮಕ್ಕಳನ್ನು ಗದರಿಸುತ್ತ ತುಂಬಿಕೊಂಡರು. ಇಲ್ಹಾಮ್ ನಮ್ಮನ್ನು ಎರಡನೆಯ ಸಾಲಿನಲ್ಲಿ ಕೂರಿಸಿ ಲತೀಫಾಕನ ಇನ್ನೊಂದು ಬದಿಗೆ ತಾವು ಕೂತರು. ಲತೀಫಾಕ ಕುತ್ತಿಗೆ ಚಾಚಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಏನೂ ಗೊತ್ತಾಗುವಂತಿರಲಿಲ್ಲ.

ಒಮ್ಮೆಲೇ ಪರದೆಯ ಮೇಲೆ ಬೆಳಕು ಬಿತ್ತು.

ನಾವು ಧೂಳು ತಿನ್ನುತ್ತ ಟೆರೇಸಿನಲ್ಲಿ ಎಳೆದಾಡಿದ ಬಟ್ಟೆ ಅದು. ಅಲ್ಲಿ ಅದು ಛಾವಣಿಯಿಂದ ನೆಲದವರೆಗೆ ನೆರಿಗೆ ನೆರಿಗೆಯಾಗಿ ಇಳಿದು, ಇಡೀ ಹಾಲನ್ನು ಸುಮ್ಮನಾಗಿಸಿ ನಿಂತಿತ್ತು. ಇಂಥದ್ದನ್ನು ಈ ಗೊರಕೆ ಹೊಡೆಯುವ ಮನುಷ್ಯ ಮಾಡಿದರೇ ಎಂದು ಅವರ ಕಡೆ ತಿರುಗಿದೆ. ಅವರು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು.

"ನೋಡು. ಆ ಪಟ್ಟಿ."

ನೋಡಿದೆ. ನಡುವಿಗಿಂತ ಸ್ವಲ್ಪ ಎಡಕ್ಕೆ, ಮೇಲಿನಿಂದ ಕೆಳಗಿನವರೆಗೆ ಒಂದು ಪಟ್ಟಿ ಬೇರೆಯಾಗಿ ಕಾಣುತ್ತಿತ್ತು. ಉಳಿದದ್ದೆಲ್ಲ ಮೆರೂನ್, ಅದೊಂದು ಕಪ್ಪಿಗೆ ತಿರುಗಿದ ಮೆರೂನ್. ನನ್ನಂಥ ಡ್ರೈವರನಿಗೂ ಗೊತ್ತಾಗುವಷ್ಟು ಸ್ಪಷ್ಟ.

"ತಲೆಕೆಳಗು," ಎಂದರು ಲತೀಫಾಕ. "ಯಾ ಅಲ್ಲಾ. ಇಷ್ಟು ವರ್ಷ ಊರಿಡೀ ಇದನ್ನು ನೋಡಿತಲ್ಲ. ಏಳು ದೇಜು, ಹೋಗುವ. ನನಗೆ ಇಲ್ಲಿ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ."

ಅವರು ಅರ್ಧ ಎದ್ದೂ ಆಗಿತ್ತು. ಅಷ್ಟರಲ್ಲಿ ಪರದೆಯ ಬದಿಯಿಂದ ಜೂರಿ ಹೊರಗೆ ಬಂದಳು, ಲತೀಫಾಕ ಹೊಲಿದ ಹಳದಿ ಫ್ರಾಕ್ ತೊಟ್ಟುಕೊಂಡು. ಸ್ವಾಗತದ ಮಾತು ಅವಳದ್ದು. ಹೆದರಿಕೆಯಿಂದ ಮುಖ ಬಿಗಿದಿತ್ತು. ಪರದೆಯನ್ನೇ ನೋಡುತ್ತ ನಡೆದು, ನೇರವಾಗಿ ಆ ಕಪ್ಪು ಪಟ್ಟಿಯ ಮುಂದೆ ಬಂದು, ಬೆನ್ನನ್ನು ಅದಕ್ಕೆ ತಾಗಿಸಿ ನಿಂತಳು. ದೀಪದ ಬೆಳಕು ಅಲ್ಲಿಗೇ ಬಂತು. ಅವಳ ಮುಖ ಸಡಿಲವಾಯಿತು, ಮಾತು ಶುರು ಮಾಡಿದಳು.

ಇಲ್ಹಾಮ್ ಲತೀಫಾಕನ ತೋಳು ಹಿಡಿದು ಕೂರಿಸಿ ಪಿಸುಗುಟ್ಟಿದರು. "ಅದು ಸ್ವಾಗತ ಹೇಳುವ ಮಗುವಿನ ಜಾಗ ಅಮ್ಮೂ. ಚಿಕ್ಕವಳಿದ್ದಾಗ ನಾನೂ ಅಲ್ಲೇ ನಿಂತಿದ್ದೆ. ನನಗೆ ಮಾತೇ ಹೊರಡುತ್ತಿರಲಿಲ್ಲ. ಮಿಸೆಸ್ ಡನ್ ಹೇಳಿದರು, ‘ಹೆದರಬೇಡ, ನಮ್ಮ ದರ್ಜಿ ನಿನಗೋಸ್ಕರ ಪರದೆಯಲ್ಲಿ ಒಂದು ಜಾಗ ಮಾಡಿಟ್ಟಿದ್ದಾನೆ, ಹೋಗಿ ಅಲ್ಲಿ ನಿಲ್ಲು’ ಅಂತ. ಪ್ರತಿ ವರ್ಷ, ಪ್ರತಿ ಮಗುವಿಗೂ ಹೇಳುತ್ತಿದ್ದರು. ಈಗ ನಾವು ನಮ್ಮ ಮಕ್ಕಳಿಗೆ ಹೇಳುತ್ತೇವೆ. ನೀವು ಬೇಕೆಂದೇ ಮಾಡಿದ್ದಲ್ಲವಾ ಅದನ್ನು?"

ಲತೀಫಾಕ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಜೂರಿಯ ಮಾತು ಮುಗಿಯಿತು, ಜನ ಚಪ್ಪಾಳೆ ಹೊಡೆದರು, ಪರದೆ ಎರಡು ಕಡೆಗೆ ಸರಿಯಿತು. ನಾಟಕದಲ್ಲಿ ಏನಾಯಿತು ಎಂದು ನನ್ನನ್ನು ಕೇಳಬೇಡಿ. ನನ್ನ ಪಕ್ಕದಲ್ಲಿ ಒಬ್ಬರು ಮುದುಕರು ಬಿಳಿ ಅಂಗಿಯ ತೋಳಿನಿಂದ ಕಣ್ಣು ಒರಸಿಕೊಳ್ಳುತ್ತಲೇ ಇದ್ದರು, ನನ್ನ ಕಣ್ಣೂ ನೆಟ್ಟಗಿರಲಿಲ್ಲ.

ನಾಟಕ ಮುಗಿದು ಪರದೆ ಮುಚ್ಚಿತು. ಜನ ಎದ್ದು ಮಕ್ಕಳನ್ನು ಹುಡುಕುತ್ತ ಹೊರಗೆ ಹೋದರು. ಇಲ್ಹಾಮ್ ಜೂರಿಯನ್ನು ಕರೆತರಲು ಹೋದರು. ಖಾಲಿ ಹಾಲಿನಲ್ಲಿ ನಾವಿಬ್ಬರೇ ಉಳಿದೆವು.

"ಆ ಡನ್ ಮೇಡಂ ಎಷ್ಟು ಸಲ ಬಂದ್ರು ನನ್ನ ಅಂಗಡಿಗೆ," ಎಂದರು ಲತೀಫಾಕ. "ನನ್ನ ಎದುರೇ ನಿಂತು ನಕ್ಕು ಮಾತಾಡಿದ್ರು. ಮೊದಲ ದಿನವೇ ನೋಡಿರ್ತಾರೆ ಇದನ್ನು. ಒಂದು ಮಾತು, ಒಂದೇ ಒಂದು ಮಾತು ಹೇಳ್ಲಿಲ್ಲ ನನಗೆ."

"ಹೌದು."

"ಅಂಥವರನ್ನು ಉಪಚಾರ ಗೊತ್ತಿಲ್ಲದವರು ಅಂದೆನಲ್ಲ ಮಾರಾಯ ನಾನು."

ಇಲ್ಹಾಮ್ ಬಾಗಿಲಿನಿಂದ ಕೈ ಸನ್ನೆ ಮಾಡಿ ಕರೆದರು. ಲತೀಫಾಕ ಎದ್ದರು, ಎರಡು ಹೆಜ್ಜೆ ನಡೆದರು, ಮತ್ತೆ ತಿರುಗಿ ಬಂದು ಕೂತರು.

"ಸ್ವಲ್ಪ ಹೊತ್ತು ನೋಡ್ತೇನೆ ಅಂತ ಹೇಳು ಅವರಿಗೆ," ಎಂದರು.